ಮೆಕ್ಯಾನಿಕ್ ಅರ್ಹತಾ ಪರೀಕ್ಷೆ

ಇಪ್ಪತ್ತೊಂದು ವರ್ಷ ನನ್ನ ಕಾರನ್ನು ನೋಡಿಕೊಂಡಿದ್ದ ಮೆಕ್ಯಾನಿಕ್ ಒಂದು ಸೋಮವಾರ ಗ್ಯಾರೇಜಿಗೆ ಬೀಗ ಜಡಿದು ಮಗಳ ಊರಿಗೆ ಹೊರಟುಹೋದರು. ನನಗೊಂದು ಮಾತು ಹೇಳಲಿಲ್ಲ. ಹೋಗಲಿ, ನನ್ನ ಕಾರಿಗಾದರೂ ಹೇಳಬಹುದಿತ್ತು. ಬಾಗಿಲ ಮೇಲೆ ಅಂಟಿಸಿದ್ದ ಚೀಟಿಯಲ್ಲಿ 'ಗಿರಾಕಿಗಳು ದಯವಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳುವುದು' ಎಂದಷ್ಟೇ ಇತ್ತು. ಬೇರೆ ವ್ಯವಸ್ಥೆ! ಬರೆಯುವುದು ಎಷ್ಟು ಸುಲಭ ನೋಡಿ. ಹಾಲಿನವನು ಕೈಕೊಟ್ಟರೆ ಇನ್ನೊಬ್ಬ ಸಿಗುತ್ತಾನೆ. ಪೇಪರಿನವನು ಕೈಕೊಟ್ಟರೆ ನಾಲ್ಕು ದಿನ ಸುದ್ದಿಯಿಲ್ಲದೆ ನೆಮ್ಮದಿಯಾಗಿರಬಹುದು. ಇಪ್ಪತ್ತಮೂರು ವರ್ಷದ ಕಾರಿನ ಮೆಕ್ಯಾನಿಕ್ ಕೈಕೊಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು? (ಎಲ್ಲಿಗೇ ಆಗಲಿ, ನಡೆದುಕೊಂಡು ಹೋಗಿ ಅಂದಳು ನನ್ನ ಹೆಂಡತಿ.)

ಈ ಕಾರಿನ ವಿಚಾರ ಸ್ವಲ್ಪ ಹೇಳಬೇಕು. ಕೆನೆ ಬಣ್ಣ, ದುಂಡನೆಯ ದೀಪ, ಕೂತರೆ ನಿಟ್ಟುಸಿರು ಬಿಡುವ ಸೀಟು. ಇದನ್ನು ತಯಾರಿಸಿದ ಕಂಪನಿ ಈ ಮಾದರಿಯನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಪ್ರತಿ ಭಾನುವಾರ ನಾನು ಅದಕ್ಕೆ ಸ್ನಾನ ಮಾಡಿಸಿ, ಒರೆಸಿ, ಬೀದಿಯ ಕೊನೆಯವರೆಗೆ ಗಾಂಭೀರ್ಯದಿಂದ ಓಡಿಸಿ, ಅಲ್ಲಿ ತಿರುಗಿಸಿಕೊಂಡು ಬಂದು ಶೆಡ್ಡಿನಲ್ಲಿ ಮಲಗಿಸುತ್ತೇನೆ. ಉಳಿದ ಆರು ದಿನ ಅದಕ್ಕೆ ಸಂಪೂರ್ಣ ವಿಶ್ರಾಂತಿ. ನನ್ನ ಹೆಂಡತಿ ಅದಕ್ಕೆ ಇಟ್ಟಿರುವ ಹೆಸರು 'ಪಿಂಚಣಿದಾರ'. ಇತ್ತೀಚೆಗೆ ಸ್ವಲ್ಪ ಏರು ಬಂದರೆ ಸಾಕು, ಪಿಂಚಣಿದಾರನಿಗೆ ಬಿಕ್ಕಳಿಕೆ ಶುರುವಾಗುತ್ತಿತ್ತು.

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಪರದೆ, ಸೀಟಿನ ಗವಸು, ಶಾಲೆಯ ಸಮವಸ್ತ್ರ. ಮಿಷನ್ನು ಮಲಗುವ ಕೋಣೆಯ ಮೂಲೆಯಲ್ಲಿದೆ. ಬಟ್ಟೆಯ ಗಂಟುಗಳು ಮಂಚದ ಕೆಳಗೆ, ಮಂಚದ ಮೇಲೆ, ಊಟದ ಮೇಜಿನ ಮೇಲೆ, ಕುರ್ಚಿಗಳ ಮೇಲೆ. ಒಂದು ದಿನ ನಾನು ಇನ್ನೂ ತೋಳು ಹೊಲಿಯದ ಯಾರದೋ ಸಮವಸ್ತ್ರವನ್ನು ಟವೆಲ್ ಎಂದುಕೊಂಡು ಮುಖ ಒರೆಸಿಕೊಂಡೆ. ಅಂದು ಸ್ಫೋಟವಾಯಿತು.

"ರೀ, ನನಗೆ ಕೈಕಾಲು ಆಡಿಸೋಕೆ ಜಾಗ ಇಲ್ಲ. ಆ ಪಿಂಚಣಿದಾರನಿಗೆ ಅಷ್ಟು ದೊಡ್ಡ ಕೋಣೆ ಬೇಕಾ?"

"ಅದು ಕೋಣೆ ಅಲ್ಲ ಕಣೇ. ಶೆಡ್ಡು."

"ಕಿಟಕಿ ಇದೆ, ಬಾಗಿಲಿದೆ, ಫ್ಯಾನಿದೆ. ಕಾರಿಗೆ ಯಾಕ್ರೀ ಫ್ಯಾನು?"

(ಬೇಸಿಗೆಯಲ್ಲಿ ಎಂಜಿನ್ನಿಗೆ ಸೆಕೆಯಾಗದಿರಲಿ ಎಂದು ಮೂರು ವರ್ಷದ ಹಿಂದೆ ಹಾಕಿಸಿದ್ದೆ. ಆಗ ನನಗೆ ಅದು ಸರಿಯಾಗಿಯೇ ಕಂಡಿತ್ತು.)

"ನೋಡಿ," ಅಂದಳು, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಡುತ್ತ. "ಮೂರು ತಿಂಗಳು ಕೊಡ್ತೀನಿ. ಅಷ್ಟರಲ್ಲಿ ಒಬ್ಬ ನಂಬಿಕಸ್ಥ ಮೆಕ್ಯಾನಿಕ್ಕನ್ನ ಹುಡುಕಿ. ಸಿಕ್ಕಿದ್ರೆ ಕಾರು ಇರಲಿ, ಶೆಡ್ಡೂ ಅದಕ್ಕೇ ಇರಲಿ, ನಾನು ಬಾಯಿ ಬಿಡಲ್ಲ. ಸಿಗಲಿಲ್ವಾ, ಗಾಡಿ ಗುಜರಿಗೆ, ಶೆಡ್ಡು ನನ್ನ ಮಿಷನ್ನಿಗೆ. ಒಪ್ಪಿಗೆನಾ?"

ಬಾಯಲ್ಲಿ ಸೂಜಿ ಇರುವವರ ಜೊತೆ ವಾದ ಮಾಡಬಾರದು. ಒಪ್ಪಿಕೊಂಡೆ. ಆದರೆ ಗುಜರಿ ಎಂಬ ಶಬ್ದ ಕೇಳಿದ್ದೇ ಹೋಗಿ ಶೆಡ್ಡಿನ ಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಬಂದೆ. ಆ ಕಾರನ್ನು ನಾನು ನಿಜವಾಗಿ ಪ್ರೀತಿಸುತ್ತೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಈಗ ನನ್ನ ಉದ್ಯೋಗದ ಬಗ್ಗೆ. ನಾನು ಪರೀಕ್ಷಾ ಮಂಡಳಿಯಲ್ಲಿ ಸೂಪರಿಂಟೆಂಡೆಂಟ್. ಇಪ್ಪತ್ತೊಂಬತ್ತು ವರ್ಷದಿಂದ ಪ್ರಶ್ನೆಪತ್ರಿಕೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಕಾಲುಚೀಲದಲ್ಲಿ, ಪೆನ್ನಿನ ಕ್ಯಾಪಿನಲ್ಲಿ, ಗಾಯವಿಲ್ಲದ ಕೈಗೆ ಕಟ್ಟಿದ ಬ್ಯಾಂಡೇಜಿನಲ್ಲಿ ಚೀಟಿ ಹಿಡಿದ ಅನುಭವ ನನ್ನದು. ಮನುಷ್ಯ ಪ್ರಾಣಿಯನ್ನು ಪರೀಕ್ಷೆ ಮಾಡದೆ ನಂಬುವುದು ನನ್ನ ಜಾಯಮಾನದಲ್ಲೇ ಇಲ್ಲ. ನನ್ನ ಪಕ್ಕದ ಮೇಜಿನಲ್ಲಿ ಲಕೋಟೆಗಳಿಗೆ ಅರಗು ಹಾಕಿ ಮೊಹರು ಒತ್ತುವ ಗುಮಾಸ್ತನೊಬ್ಬನಿದ್ದಾನೆ. ಎಲ್ಲರೂ ಅವನನ್ನು 'ಅರಗು' ಎಂದೇ ಕರೆಯುತ್ತಾರೆ. ಅವನ ಹತ್ತಿರವೂ ನನ್ನದೇ ಮಾದರಿಯ ಕಾರಿದೆ, ಅವನಿಗೂ ಇದೇ ಗೋಳು. ಅವನೊಡನೆ ಚರ್ಚಿಸುತ್ತಿರುವಾಗಲೇ ನನಗೆ ಆ ಮಹತ್ತರ ಯೋಚನೆ ಹೊಳೆದದ್ದು.

"ಅಲ್ಲಯ್ಯ, ವಿದ್ಯಾರ್ಥಿಗೆ ತಿಳಿವಳಿಕೆ ಇದೆಯೋ ಇಲ್ಲವೋ ನಾವು ಹೇಗೆ ಕಂಡುಹಿಡೀತೀವಿ?"

"ಉತ್ತರ ನಮಗೆ ಮೊದಲೇ ಗೊತ್ತಿರೋ ಪ್ರಶ್ನೆ ಕೇಳ್ತೀವಿ ಸಾರ್."

"ಮೆಕ್ಯಾನಿಕ್ಕಿಗೂ ಅದನ್ನೇ ಮಾಡಿದರೆ?"

ಅರಗು ಮೂಗಿನ ಮೇಲೆ ಬೆರಳಿಟ್ಟುಕೊಂಡ. ನಾನು ವಿವರಿಸಿದೆ. ಕಾರಿನಲ್ಲಿ ನಾನೇ ಮೂರು ದೋಷಗಳನ್ನು ಸೃಷ್ಟಿಸುವುದು. ಮೆಕ್ಯಾನಿಕ್ಕಿನ ಮುಂದೆ ಏನೂ ಅರಿಯದವನಂತೆ ನಿಲ್ಲುವುದು. ಆ ಮೂರನ್ನು ಹುಡುಕಿ, ಮತ್ತೇನನ್ನೂ ಸುಳ್ಳು ಸೇರಿಸದೆ ಹೇಳುವವನೇ ನಂಬಿಕಸ್ಥ.

"ಅದ್ಭುತ ಸಾರ್! ಪತ್ರಿಕೆ ಬಯಲಾಗದ ಹಾಗೆ ನೋಡ್ಕೊಳ್ಳಿ. ನಿಮ್ಮ ಫಲಿತಾಂಶ ಬಂದ ಮೇಲೆ ನನ್ನ ಗಾಡೀನೂ ಅಲ್ಲಿಗೇ ತಗೊಂಡು ಹೋಗ್ತೀನಿ," ಅಂದ.

ಬಯಲಾಗುವ ಮಾತೆಲ್ಲಿ? ಹೆಂಡತಿಗೂ ಹೇಳಲಿಲ್ಲ. ಆ ಭಾನುವಾರ ಕಾರಿನ ಜೊತೆ ಬಂದಿದ್ದ ಹಳೆಯ ಪುಸ್ತಕವನ್ನೂ ಅಡುಗೆಮನೆಯ ಇಕ್ಕಳವನ್ನೂ ಹಿಡಿದು ಶೆಡ್ಡಿನ ಬಾಗಿಲು ಹಾಕಿಕೊಂಡೆ. ಪ್ರಶ್ನೆ ಒಂದು: ಹಾರ್ನಿನ ವಯರು ಎಳೆದುಬಿಟ್ಟದ್ದು. ಸುಲಭ, ಎರಡು ಅಂಕ. ಪ್ರಶ್ನೆ ಎರಡು: ಎಂಜಿನ್ನಿನ ಪ್ಲಗ್ಗುಗಳ ಪೈಕಿ ಒಂದರ ತೊಪ್ಪಿಯನ್ನು ಇಕ್ಕಳದಲ್ಲಿ ಹಿಡಿದು ಸಡಿಲಿಸಿದ್ದು. ಎಂಜಿನ್ನು ಕುಂಟುತ್ತದೆ, ಆದರೆ ನಿಲ್ಲುವುದಿಲ್ಲ. ಐದು ಅಂಕ. ಪ್ರಶ್ನೆ ಮೂರು: ಹೊಗೆ ಕೊಳವೆಯನ್ನು ಹಿಡಿದಿಡುವ ರಬ್ಬರು ಬಳೆಯನ್ನು ಜಾರಿಸಿದ್ದು. ಅಡಿಯಲ್ಲಿ ಲೊಡಲೊಡ ಶಬ್ದ ಬರುತ್ತದೆ. ಮೂರು ಅಂಕ. ಒಟ್ಟು ಹತ್ತು. ಇಲ್ಲದ ದೋಷ ಹೇಳಿದರೆ ತಲಾ ಒಂದು ಅಂಕ ಕಡಿತ.

ನಾನೇನು ಮೆಕ್ಯಾನಿಕ್ಕಲ್ಲವಲ್ಲ, ಆಮೇಲೆ ಯಾವುದನ್ನು ಬಿಚ್ಚಿದ್ದೆ ಎಂಬುದು ಮರೆತುಹೋದರೆ? ಹಾಗಾಗಿ ಅಂಚೆಚೀಟಿಯಷ್ಟು ಅಗಲದ ಮೂರು ಚೀಟಿಗಳಲ್ಲಿ ಕೆಂಪು ಶಾಯಿಯಿಂದ ಪ್ರಶ್ನೆಯ ಸಂಖ್ಯೆ, ಅಂಕ ಇತ್ಯಾದಿ ಬರೆದು, ಆಯಾ ಜಾಗದ ಮರೆಯಲ್ಲಿ ಅಭ್ಯರ್ಥಿಯ ಕಣ್ಣಿಗೆ ಬೀಳದ ಹಾಗೆ ಅಂಟಿಸಿದೆ. ಕೆಲಸ ಮಾಡಿದರೆ ಹೀಗೆ ಕ್ರಮಬದ್ಧವಾಗಿ ಮಾಡಬೇಕು.

"ರೀ, ಇಕ್ಕಳ ಎಲ್ಲಿ? ಹಾಲು ಉಕ್ಕುತಾ ಇದೆ!" ಒಳಗಿನಿಂದ ಕೂಗು ಬಂತು.

"ಗೋಪ್ಯ ಕೆಲಸದಲ್ಲಿದೆ!" ಎಂದೆ. ಹಾಲು ಉಕ್ಕಿತು.

ಮೊದಲ ಅಭ್ಯರ್ಥಿ ಗಾಜಿನ ಅರಮನೆಯಂಥ ಸರ್ವಿಸ್ ಸೆಂಟರು. ನೆಲದಲ್ಲಿ ಮುಖ ಕಾಣುತ್ತಿತ್ತು. ಕಾಫಿ ಕೊಟ್ಟು ಸೋಫಾದಲ್ಲಿ ಕೂರಿಸಿದರು. ಇಸ್ತ್ರಿ ಮುರಿಯದ ಬಿಳಿ ಅಂಗಿಯ ಎಂಜಿನಿಯರ್ ಒಬ್ಬರು ಕಂಪ್ಯೂಟರು ಹಿಡಿದು ಬಂದು, ಅದರ ವಯರನ್ನು ಕಾರಿಗೆ ಚುಚ್ಚಲು ತೂತು ಹುಡುಕಿದರು. ಸ್ಟೀರಿಂಗಿನ ಕೆಳಗೆ ಹುಡುಕಿದರು, ಸೀಟಿನ ಕೆಳಗೆ ಹುಡುಕಿದರು. ಅಂಥ ತೂತು ಹುಟ್ಟುವುದಕ್ಕೆ ಮೊದಲೇ ಹುಟ್ಟಿದ ಕಾರು ನನ್ನದು.

"ಸಾರ್, ಸಿಸ್ಟಂ ನಿಮ್ಮ ಕಾರನ್ನ ಗುರುತಿಸ್ತಾ ಇಲ್ಲ."

"ಎದುರಿಗೇ ನಿಂತಿದೆಯಲ್ಲಪ್ಪ."

"ನಿಂತಿದೆ ಸಾರ್. ಆದ್ರೆ ಸಿಸ್ಟಂನಲ್ಲಿ ಇಲ್ಲ."

"ಬಾನೆಟ್ ಎತ್ತಿ ನೋಡಬಹುದಲ್ಲ?"

"ನೋಡೋದಾ? ಕಣ್ಣಲ್ಲಾ?" ಅವರು ನಿಜಕ್ಕೂ ಗಾಬರಿಯಾದರು. ಕೊನೆಗೆ ಹೊಸ ಕಾರುಗಳ ಬಣ್ಣಬಣ್ಣದ ಪುಸ್ತಕವೊಂದನ್ನು ಕೈಗಿತ್ತು ಕಳಿಸಿಕೊಟ್ಟರು. ನನ್ನ ಡೈರಿಯಲ್ಲಿ 'ಅಭ್ಯರ್ಥಿ ಗೈರುಹಾಜರು' ಎಂದು ಬರೆದುಕೊಂಡೆ.

ಎರಡನೆಯವರಿಗೆ ನಾನಿಟ್ಟ ಹೆಸರು 'ಅಯ್ಯಯ್ಯೋ'. ಬಾನೆಟ್ ಎತ್ತಿದ ಕೂಡಲೇ ಅವರ ಬಾಯಿಂದ ಬಂದದ್ದು ಅದೇ. ಎತ್ತುವುದಕ್ಕೆ ಸ್ವಲ್ಪ ಮೊದಲೇ ಬಂತು ಅಂದರೂ ತಪ್ಪಿಲ್ಲ.

"ಅಯ್ಯಯ್ಯೋ! ಎಂಜಿನ್ ಪೂರ್ತಿ ಹೋಗಿದೆ. ಗೇರ್‌ಬಾಕ್ಸ್ ಹೋಗಿದೆ. ರೇಡಿಯೇಟರ್ ಇವತ್ತೋ ನಾಳೆಯೋ. ಇಲ್ಲೀತನಕ ಹೇಗೆ ಬಂದ್ರಿ ಸಾರ್? ಮನೇಲಿ ಹೇಳಿ ಬಂದಿದೀರಾ?"

"ಹೇಳಿ ಬಂದಿದೀನಿ. ಹಾರ್ನ್ ಆಗ್ತಿಲ್ಲ, ನೋಡಿ," ಎಂದೆ. (ನಿಯಮದ ಪ್ರಕಾರ ಸುಳಿವು ಕೊಡಬಾರದು. ಕರುಣೆ ಬಂತು.)

"ಅದಕ್ಕೆ ಎಂಜಿನ್ ಇಳಿಸ್ಬೇಕು," ಅಂದರು ಆ ಮಹಾನುಭಾವರು, ಬಿಚ್ಚಿದ ಹಾರ್ನಿನ ವಯರಿನ ಮೇಲೆಯೇ ಮೊಣಕೈ ಊರಿಕೊಂಡು. ಹದಿನಾಲ್ಕು ದೋಷ ಪಟ್ಟಿ ಮಾಡಿದರು. ಅವುಗಳಲ್ಲಿ ನನ್ನದು ಒಂದೂ ಇರಲಿಲ್ಲ. ಸೊನ್ನೆಗಿಂತ ಹದಿನಾಲ್ಕು ಕಡಿಮೆ. ಮಂಡಳಿಯ ಇತಿಹಾಸದಲ್ಲೇ ಇಂಥ ಅಂಕ ಯಾರಿಗೂ ಬಂದಿರಲಿಕ್ಕಿಲ್ಲ.

ಆಮೇಲೆ ಇನ್ನೂ ಐದು ಜನ ಕೂತರು, ಐದೂ ಜನ ಅನುತ್ತೀರ್ಣರಾದರು. ಒಬ್ಬರು ಕಾರಿನ ಬಣ್ಣ ಬದಲಾಯಿಸಿದರೆ ಬಿಕ್ಕಳಿಕೆ ನಿಲ್ಲುತ್ತದೆ ಅಂದರು. ಹನ್ನೊಂದು ವಾರ ಕಳೆದುಹೋಯಿತು. ಅಷ್ಟೂ ವಾರ ಕಾರು ನನ್ನ ಪ್ರಶ್ನೆಪತ್ರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಂಟುತ್ತ, ಲೊಡಗುಡುತ್ತ, ಹಾರ್ನಿನ ಬದಲು ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತ ಊರು ಸುತ್ತಿತು. ಮನೆಯಲ್ಲಿ ಶೆಡ್ಡಿನ ಅಳತೆ ಶುರುವಾಗಿತ್ತು. ಒಂದು ಸಂಜೆ ಬಂದು ನೋಡಿದರೆ ಹೆಂಡತಿ ಟೇಪು ಹಿಡಿದು ಕಿಟಕಿಯಿಂದ ಗೋಡೆಗೆ ಎಷ್ಟು ಎಂದು ಗುರುತು ಹಾಕಿಕೊಳ್ಳುತ್ತಿದ್ದಳು. ನಾನು ಹೋಗಿ ಕಾರಿನಲ್ಲಿ ಸುಮ್ಮನೆ ಕೂತೆ. ಸೀಟು ನಿಟ್ಟುಸಿರು ಬಿಟ್ಟಿತು. ನಾನೂ ಬಿಟ್ಟೆ.

ಅವಳು ಟೇಪು ಸುತ್ತಿಕೊಂಡು ಕಾರಿನ ಕಿಟಕಿಯ ಹತ್ತಿರ ಬಂದಳು. ಏನೆಂದುಕೊಂಡಳೋ, ದನಿ ಮೆತ್ತಗಾಗಿತ್ತು.

"ರೀ, ಟ್ಯಾಕ್ಸಿಯವನೊಬ್ಬ ಸೀಟಿನ ಗವಸು ಹೊಲಿಸೋಕೆ ಬಂದಿದ್ದ. ಊರಾಚೆ ಮರದ ಅಡ್ಡೆ ಹಿಂದೆ ಒಬ್ಬರು ಹೆಂಗಸು ಇದಾರಂತೆ. ನಿಮ್ಮ ಕಂಪನಿ ಗಾಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಲ್ವಂತೆ. ಹಳೇ ಗಿರಾಕಿ ಯಾರಾದ್ರೂ ಹೇಳಿದ್ರೆ ಮಾತ್ರ ಹೊಸ ಗಾಡಿ ತಗೊಳ್ಳೋದಂತೆ. ನಾನು ಅವನ ಕೈಲಿ ಹೇಳ್ಸಿದೀನಿ. ಶನಿವಾರ ಬರಹೇಳಿದಾರೆ."

"ನೀನು ಯಾಕೆ ಹೇಳ್ಸೋಕೆ ಹೋದೆ? ಮೆಕ್ಯಾನಿಕ್ ಸಿಗದಿದ್ರೆ ಶೆಡ್ಡು ನಿಂದಲ್ವಾ?"

"ಹೌದು. ನೀವು ಹೀಗೆ ಮುಖ ಮಾಡ್ಕೊಂಡು ಕೂತ್ರೆ ಆ ಶೆಡ್ಡಲ್ಲಿ ನನಗೆ ಹೊಲಿಯೋಕಾಗುತ್ತಾ?"

ಇಂಥ ಹೆಂಡತಿ ನನ್ನವಳು. ಈ ಮಾತು ನೆನಪಿಟ್ಟುಕೊಂಡು ಮುಂದೆ ನಾನು ಮಾಡಿದ್ದನ್ನು ಕೇಳಿ.

ಶನಿವಾರ ಹೋದೆವು. ಅವಳೂ ಬಂದಳು, ಅಂಚು ಮಡಿಸಬೇಕಾದ ಪರದೆಯೊಂದನ್ನು ಕೈಯಲ್ಲಿ ಹಿಡಿದು. ಮರದ ಅಡ್ಡೆಯ ಹಿಂದೆ ಬೋರ್ಡಿಲ್ಲದ ತಗಡಿನ ಸೂರು. ಅದರ ಕೆಳಗೆ ನಾಲ್ಕು ಕಾರು, ನಾಲ್ಕೂ ನನ್ನದೇ ಮಾದರಿ, ಬಣ್ಣ ಮಾತ್ರ ಬೇರೆ. ನನ್ನ ಕಾರಿಗೆ ಕೊನೆಗೂ ಬಂಧುಬಳಗ ಸಿಕ್ಕಿತು ಎಂದು ಮನಸ್ಸು ತುಂಬಿಬಂತು. ಗೋಡೆಯಲ್ಲಿ ಸ್ಪ್ಯಾನರುಗಳು ಗಾತ್ರದ ಪ್ರಕಾರ ಸಾಲಾಗಿ ತೂಗುತ್ತಿದ್ದವು. ಅರವತ್ತರ ಆಸುಪಾಸಿನ ಹೆಂಗಸು, ದಾರ ಕಟ್ಟಿದ ಕನ್ನಡಕ, ಮೊಣಕೈವರೆಗೆ ಮಡಿಸಿದ ತೋಳು. ಕೈ ಒರೆಸಿಕೊಳ್ಳುತ್ತ ಬಂದು, ಬಾನೆಟ್ ಕಡೆ ನೋಡಲೂ ಇಲ್ಲ. ಒಂದು ದಪ್ಪ ನೋಟ್‌ಬುಕ್ ತೆಗೆದು, ನನ್ನ ಹೆಸರು ಬರೆದುಕೊಂಡು, ನನ್ನನ್ನೇ ವಿಚಾರಿಸತೊಡಗಿದರು.

"ಯಾರು ಓಡಿಸೋದು?"

"ನಾನೇ."

"ವಾರಕ್ಕೆ ಎಷ್ಟು ದಿನ?"

"ಭಾನುವಾರ."

"ಎಲ್ಲಿಗೆ ಹೋಗ್ತೀರಿ?"

"ಬೀದಿ ಕೊನೇವರೆಗೆ."

"ಅಲ್ಲೇನಿದೆ?"

ಈ ಪ್ರಶ್ನೆ ನನಗೆ ಯಾವತ್ತೂ ಬಂದಿರಲಿಲ್ಲ. "ತಿರುಗಿಸ್ಕೊಂಡು ಬರೋಕೆ ಜಾಗ ಇದೆ ಅಕ್ಕಾ," ಎಂದಳು ನನ್ನ ಹೆಂಡತಿ ಬೆಂಚಿನಿಂದ.

"ಕೊನೇ ಸಲ ಇದಕ್ಕೆ ಕೈ ಹಾಕಿದ್ದು ಯಾರು?"

"ಯಾರೂ ಇಲ್ಲ," ಎಂದೆ. ಪರೀಕ್ಷಾ ದೃಷ್ಟಿಯಿಂದ ಇದು ಸುಳ್ಳಲ್ಲ, ಗೋಪ್ಯತೆ.

ಅವರು ಪುಸ್ತಕ ಮುಚ್ಚಿ ಬಾನೆಟ್ ಎತ್ತಿದರು. ನಾನು ಗಡಿಯಾರ ನೋಡಿಕೊಳ್ಳುವಷ್ಟರಲ್ಲಿ ಅವರ ಬೆರಳು ಹಾರ್ನಿನ ವಯರನ್ನು ಸ್ವಸ್ಥಾನಕ್ಕೆ ಸೇರಿಸಿತ್ತು. ಎರಡು ಅಂಕ! ಹಾಗೇ ಕೈ ಮುಂದೆ ಹೋಗಿ ಪ್ಲಗ್ಗಿನ ತೊಪ್ಪಿಯನ್ನು ಟಕ್ ಎಂದು ಒತ್ತಿತು. ಐದು! ಅವರು ಒಂದು ಗೋಣಿ ಹಾಸಿ ಮಲಗಿ ಕಾರಿನ ಕೆಳಗೆ ಕೈ ಹಾಕಿದರು. ರಬ್ಬರು ಬಳೆ ಸರಿಯಾಗಿ ಕೂತ ಸದ್ದು ಕೇಳಿತು. ಮೂರು! ಹತ್ತಕ್ಕೆ ಹತ್ತು! ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಇಂಥ ಉತ್ತರಪತ್ರಿಕೆ ನಾನು ಕಂಡಿರಲಿಲ್ಲ. ಗೆದ್ದೆ ಎಂದುಕೊಂಡೆ. ಕಾರು ಉಳಿಯಿತು, ಶೆಡ್ಡು ಉಳಿಯಿತು. ಕೈ ಕುಲುಕಿ ಅಭಿನಂದಿಸೋಣವೆಂದು ಮುಂದೆ ಹೋದರೆ, ಮೇಲೆದ್ದವರ ಮುಖ ಗಂಭೀರವಾಗಿತ್ತು.

"ಸ್ವಾಮಿ, ಇದು ತಾನಾಗಿ ಆಗಿದ್ದಲ್ಲ," ಎಂದರು ದನಿ ತಗ್ಗಿಸಿ. "ಯಾರೋ ಬೇಕೂಂತ ಮಾಡಿದಾರೆ. ಈ ತೊಪ್ಪಿ ಮೇಲೆ ನೋಡಿ, ಇಕ್ಕಳದ ಹಲ್ಲಿನ ಗುರುತು. ಗ್ಯಾರೇಜಿನ ಇಕ್ಕಳ ಅಲ್ಲ ಇದು, ಮನೇದು. ನಿಮ್ಮ ಮನೇಲಿ ಈ ಗಾಡಿ ಕಂಡ್ರೆ ಆಗದವರು ಯಾರಾದ್ರೂ ಇದಾರಾ?"

ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ನಿಜ ಹೇಳಿದರೆ ಇಷ್ಟು ಒಳ್ಳೆಯ ಮೆಕ್ಯಾನಿಕ್ ಕೈತಪ್ಪಿಹೋಗುತ್ತಾರೆ. ಹೇಳದಿದ್ದರೆ? ನಾನು ಬಾಯಿ ತೆರೆಯಲಿಲ್ಲ. ಆದರೆ ನನ್ನ ಕಣ್ಣು, ದೇವರಾಣೆಗೂ ನನ್ನ ಅಪ್ಪಣೆ ಇಲ್ಲದೆ, ಮೆಲ್ಲಗೆ ಬೆಂಚಿನ ಕಡೆ ತಿರುಗಿತು. ಅಲ್ಲಿ ನನ್ನ ಹೆಂಡತಿ ತಲೆ ತಗ್ಗಿಸಿ ಪರದೆಯ ಅಂಚಿಗೆ ದಾರ ಹಾಕುತ್ತಿದ್ದಳು. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು.

"ಅವಳಿಗೆ ಶೆಡ್ಡು ಬೇಕಂತೆ..." ಎಂದುಬಿಟ್ಟಿತು ಬಾಯಿ.

ಹೇಳಿದ ಕ್ಷಣದಲ್ಲೇ ನಾಲಿಗೆ ಕಚ್ಚಿಕೊಂಡೆ. ನನಗೋಸ್ಕರ ಟ್ಯಾಕ್ಸಿಯವನ ಕೈಕಾಲು ಹಿಡಿದು ಇಲ್ಲಿಗೆ ಕರೆತಂದವಳನ್ನೇ ನಾನು ಒಂದು ಸಾಲಿನಲ್ಲಿ ಕಟಕಟೆಗೆ ಹತ್ತಿಸಿದ್ದೆ. ಚೀಟಿ ಇಟ್ಟವನು ಪಕ್ಕದ ಬೆಂಚಿನವನ ಕಾಲ ಬಳಿ ಚೀಟಿ ಒದೆಯುತ್ತಾನಲ್ಲ, ಅಂಥವರನ್ನು ಎಷ್ಟು ಜನರನ್ನು ನಾನೇ ಹಿಡಿದಿಲ್ಲ? ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆದರೆ ಅಷ್ಟರಲ್ಲಿ ಮೆಕ್ಯಾನಿಕ್ ಹೋಗಿ ಅವಳ ಪಕ್ಕ ಕೂತಾಗಿತ್ತು.

"ತಂಗೀ, ಗಂಡನ ಮೇಲೆ ಸಿಟ್ಟಿದ್ರೆ ಗಂಡನ ಮೇಲೆ ತೀರಿಸ್ಕೋಬೇಕು. ಬಾಯಿಲ್ಲದ ಗಾಡಿ ಏನು ಮಾಡಿತ್ತಮ್ಮ?"

ನನ್ನ ಹೆಂಡತಿ ಸೂಜಿ ನಿಲ್ಲಿಸಿದಳು. "ಏನಕ್ಕಾ ಹಾಗಂದ್ರೆ?"

"ಪ್ಲಗ್ ತೊಪ್ಪಿ ಇಕ್ಕಳದಲ್ಲಿ ಎಳೆದಿದಾರೆ. ಹಾರ್ನ್ ವಯರ್ ಕಿತ್ತಿದಾರೆ. ನಿಮ್ಮೆಜಮಾನ್ರು ಪಾಪ, ಬಾಯಿ ಬಿಟ್ಟು ಹೇಳೋಕೂ ಸಂಕೋಚ ಪಡ್ತಿದಾರೆ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಿಡಲಿಲ್ಲ. ಗಟ್ಟಿ ಕಾಂಕ್ರೀಟು.

"ಇಕ್ಕಳದ ಗುರುತಾ?" ಹೆಂಡತಿ ಪರದೆಯನ್ನು ಪಕ್ಕಕ್ಕಿಟ್ಟು ಎದ್ದಳು. "ಮೇಲಿನ ಸಾಲಲ್ಲಿ ಒಂದು ಹಲ್ಲು ಮುರಿದಿದ್ಯಾ ನೋಡಿ. ಹನ್ನೊಂದು ವಾರದ ಹಿಂದೆ ಒಂದು ಭಾನುವಾರ ನಮ್ಮನೆ ಇಕ್ಕಳ ಗೋಪ್ಯ ಕೆಲಸಕ್ಕೆ ಹೋಗಿತ್ತು."

ಅವಳು ಬಂದು ಬಾನೆಟ್ಟಿನೊಳಗೆ ಬಗ್ಗಿದಳು. ನೆಲಕ್ಕೆ ಬಿದ್ದ ಗುಂಡುಸೂಜಿಯನ್ನು ಕತ್ತಲಲ್ಲೂ ಹುಡುಕುವ ಕಣ್ಣು ಅದು. ಎರಡು ಬೆರಳು ಒಳಗೆ ಹೋಗಿ ಒಂದು ಪುಟ್ಟ ಚೀಟಿಯನ್ನು ಕಿತ್ತು ತಂದವು. ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು.

"ಪ್ರಶ್ನೆ ಎರಡು. ಐದು ಅಂಕ."

ಮತ್ತೆ ಬಗ್ಗಿದಳು. "ಪ್ರಶ್ನೆ ಒಂದು. ಎರಡು ಅಂಕ. ಒಂದು ವಾಕ್ಯದಲ್ಲಿ ಉತ್ತರಿಸಿ." ಮೆಕ್ಯಾನಿಕ್ ತಾವೇ ಕಾರಿನ ಕೆಳಗೆ ಹೋಗಿ ಮೂರನೆಯದನ್ನು ತಂದುಕೊಟ್ಟರು. "ಪ್ರಶ್ನೆ ಮೂರು. ಮೂರು ಅಂಕ. ವಿಶೇಷ ಸೂಚನೆ: ಇಲ್ಲದ ದೋಷ ಹೇಳಿದರೆ ಅಂಕ ಕಳೆಯಲಾಗುವುದು."

ಕೆಂಪು ಶಾಯಿ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಾರೆ. ಅಂದು ಅದು ಕೋಳಿ ಕೆದರಿದಂತಿದ್ದರೆ ಎಷ್ಟು ಚೆನ್ನಾಗಿತ್ತು.

"ಅಭಿನಂದನೆ," ಎಂದೆ ಮೆಕ್ಯಾನಿಕ್ಕಿಗೆ, ಏನಾದರೂ ಹೇಳಬೇಕಲ್ಲ ಎಂದು. "ನಿಮಗೆ ಹತ್ತಕ್ಕೆ ಹತ್ತು ಬಂದಿದೆ."

ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಸ್ವಾಮಿ, ಮೂವತ್ತೈದು ವರ್ಷದಿಂದ ಇದೇ ಗಾಡಿ ನೋಡ್ತಿದೀನಿ. ಗಾಡಿ ಯಾವತ್ತೂ ಸುಳ್ಳು ಹೇಳಿಲ್ಲ. ತಂದವರು ಹೇಳ್ತಾರೆ. ಅದಕ್ಕೇ ನಾನು ಮೊದಲು ಯಜಮಾನ್ರನ್ನ ವಿಚಾರಿಸ್ಕೊಳ್ಳೋದು. ಯಾರು ಕೈ ಹಾಕಿದ್ದು ಅಂತ ಕೇಳಿದೆ, ಯಾರೂ ಇಲ್ಲ ಅಂದ್ರಿ. ನಾಳೆ ಬ್ರೇಕ್ ಹೇಗಿದೆ ಅಂತ ಕೇಳಿದ್ರೂ ನೀವು ಏನೋ ಒಂದು ಹೇಳ್ತೀರಿ. ನಾನು ಅದನ್ನ ನಂಬ್ಕೊಂಡು ರಿಪೇರಿ ಮಾಡ್ಲಾ? ನಿಮ್ಮ ಗಾಡಿ ನಂಗೆ ಬೇಡ."

ಹೆಂಡತಿ ಅದನ್ನು ಕೇಳಿಸಿಕೊಂಡಂತೆಯೇ ಇರಲಿಲ್ಲ. ಮೂರು ಚೀಟಿಗಳನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅದೆಲ್ಲ ಇರ್ಲಿ ರೀ. ಅವರು ಕೇಳಿದಾಗ ನನ್ನ ಕಡೆ ಯಾಕೆ ನೋಡಿದ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಕೇಳಿದಳು ಅಷ್ಟೆ. ಈ ಪ್ರಶ್ನೆಗೆ ಮಾದರಿ ಉತ್ತರ ನನ್ನ ಹತ್ತಿರ ಇರಲಿಲ್ಲ. "ತಪ್ಪಾಯ್ತು ಕಣೇ," ಎಂದೆ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ, ಅದೂ ಇನ್ನೊಬ್ಬರ ಎದುರಿಗೆ, ಆ ಮಾತು ಹೇಳಿದ್ದು ಅದೇ ಮೊದಲು. ಆಶ್ಚರ್ಯವೆಂದರೆ ಹೇಳಿದ ಮೇಲೆ ಸ್ವಲ್ಪ ಹಗುರವಾಯಿತು.

ಅವಳು ಚೀಟಿಗಳನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. (ಅವು ಇನ್ನೂ ಅಲ್ಲೇ ಇವೆ. ಆಗಾಗ ಹೊರಗೆ ಬರುತ್ತವೆ.) ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದಳು.

"ಅಕ್ಕಾ, ಇವರ ತಪ್ಪಿಗೆ ಆ ಗಾಡೀನ ಯಾಕೆ ಕೈಬಿಡ್ತೀ‌ರ? ಅದು ಏನು ಮಾಡಿತ್ತು? ನೀವೇ ಅಂದ್ರಲ್ಲ, ಬಾಯಿಲ್ಲದ್ದು ಅಂತ."

ಮೆಕ್ಯಾನಿಕ್ ಅವಳನ್ನು ನೋಡಿದರು, ಕಾರನ್ನು ನೋಡಿದರು, ನನ್ನನ್ನು ನೋಡದೆ ದಾಟಿಹೋದರು. ನೋಟ್‌ಬುಕ್ ತೆರೆದು, ಯಜಮಾನರ ಹೆಸರು ಎಂಬಲ್ಲಿ ಬರೆದಿದ್ದ ನನ್ನ ಹೆಸರಿಗೆ ಅಡ್ಡಗೆರೆ ಎಳೆದು ಅವಳ ಹೆಸರು ಬರೆದುಕೊಂಡರು. ಆಮೇಲೆ ಎಂಜಿನ್ನು ಚಾಲೂ ಮಾಡಿಸಿ, ಬೆಲ್ಟು ಮುಟ್ಟಿ, ಪೆಟ್ರೋಲಿನ ಕೊಳವೆ ಮೂಸಿ, ಅಡಿಭಾಗವನ್ನೆಲ್ಲ ಟಾರ್ಚು ಹಾಕಿ ನೋಡಿ, ನಿಜವಾದ ತೀರ್ಪು ಕೊಟ್ಟರು.

"ಇದಕ್ಕೆ ಕಾಯಿಲೆ ಏನಿಲ್ಲ ತಂಗಿ. ಆರು ದಿನ ನಿಂತೇ ಇದ್ರೆ ಪೆಟ್ರೋಲ್ ಹಳಸುತ್ತೆ, ಕೊಳವೆ ಕಟ್ಕೊಳ್ಳುತ್ತೆ. ಬಿಕ್ಕಳಿಕೆ ಅದಕ್ಕೇ. ನಾನು ಶುಚಿ ಮಾಡಿ ಕೊಡ್ತೀನಿ. ಆಮೇಲೆ ದಿನಾ ಒಂದು ಹತ್ತು ಮೈಲಿ ಓಡ್ಬೇಕು. ಎಲ್ಲಿಡ್ತೀರಿ?"

"ಶೆಡ್ಡಲ್ಲಿ ಅಕ್ಕ. ಬಾಗಿಲು ಹಾಕಿ."

"ಬೇಡ. ತೊಳೆದು ಒದ್ದೆ ಮೈಯಲ್ಲೇ ಒಳಗೆ ಹಾಕಿ ಬಾಗಿಲು ಹಾಕಿದೀರಿ, ಅಡಿ ಎಲ್ಲ ತುಕ್ಕು ಹತ್ತಿದೆ. ಹೊರಗೆ ಒಂದು ತಗಡಿನ ಸೂರು ಹಾಕ್ಸಿ ಗಾಳಿಯಾಡೋ ಕಡೆ ನಿಲ್ಸಿ. ನೀವು ಓಡಿಸ್ತೀರಾ?"

"ಲೈಸೆನ್ಸ್ ಇದೆ. ಇವರು ಮುಟ್ಟೋಕೆ ಬಿಡ್ತಿರಲಿಲ್ಲ. ಪರದೆ, ಸಮವಸ್ತ್ರ ಎಲ್ಲಾ ಮನೆಮನೆಗೆ ಕೊಡೋಕೆ ದಿನಾ ಹೇಗೂ ಹೋಗ್ಬೇಕು."

"ಇನ್ನೇನು ಮತ್ತೆ," ಎಂದರು ಮೆಕ್ಯಾನಿಕ್. ಇಬ್ಬರೂ ನಕ್ಕರು. ನಾನೂ ನಗಲು ನೋಡಿದೆ, ಯಾರೂ ಜಾಗ ಕೊಡಲಿಲ್ಲ.

ಒಪ್ಪಂದವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ನಂಬಿಕಸ್ಥ ಮೆಕ್ಯಾನಿಕ್ ಸಿಕ್ಕರೆ ಕಾರೂ ಶೆಡ್ಡೂ ನನ್ನವು, ಸಿಗದಿದ್ದರೆ ಶೆಡ್ಡು ಅವಳದು. ಸಿಕ್ಕರು. ಅವರು ಎಷ್ಟು ನಂಬಿಕಸ್ಥರೆಂದರೆ ಒಂದೇ ಮಧ್ಯಾಹ್ನದಲ್ಲಿ ಕಾರನ್ನೂ ಶೆಡ್ಡನ್ನೂ ಎರಡನ್ನೂ ಅವಳಿಗೆ ಕೊಟ್ಟು ಕಳಿಸಿದರು. ಅವರ ತೀರ್ಪನ್ನು ಪ್ರಶ್ನಿಸಲು ಬಾಯಿಲ್ಲ. ಹತ್ತಕ್ಕೆ ಹತ್ತು ಕೊಟ್ಟವನು ನಾನೇ.

ವಾರದ ನಂತರ ಕಾರು ತರಲು ಹೋದಾಗ ಬಾನೆಟ್ಟಿಗೆ ಒಂದು ಪುಟ್ಟ ಬೀಗ ಬಂದಿತ್ತು. "ಇದು ಯಾಕೆ?" ಎಂದೆ. "ಗಾಡಿಯ ಆರೋಗ್ಯಕ್ಕೆ," ಎಂದು ಮೆಕ್ಯಾನಿಕ್ ಕೀಲಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ಅವಳು ಏರಿನಲ್ಲಿ ಒಮ್ಮೆಯೂ ಬಿಕ್ಕಳಿಸದ ಕಾರನ್ನು ಮನೆಗೆ ಓಡಿಸಿಕೊಂಡು ಬಂದಳು. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿಯೇ ಓಡಿಸುತ್ತಾಳೆ. ಪಕ್ಕದ ಸೀಟಿನಲ್ಲಿ ಪರದೆಯ ಗಂಟು ಇತ್ತು, ಹಾಗಾಗಿ ನಾನು ಹಿಂದೆ ಕೂತೆ.

ಸೋಮವಾರ ಆಫೀಸಿನಲ್ಲಿ ಅರಗು ಬಾಗಿಲಲ್ಲೇ ಹಿಡಿದುಕೊಂಡ.

"ಸಾರ್, ಫಲಿತಾಂಶ ಬಂತಾ?"

"ಬಂತು. ಹತ್ತಕ್ಕೆ ಹತ್ತು."

"ಸಿಕ್ಕೇ ಬಿಟ್ರಾ! ಸಾರ್, ನನ್ನ ಗಾಡಿ ನಿನ್ನೆಯಿಂದ ಕೆಮ್ತಾ ಇದೆ. ನೀವು ಹೇಳಿದ್ದ ಆ ಮರದ ಅಡ್ಡೆ ಹಿಂದಿನವರು ಹಳೇ ಗಿರಾಕಿ ಹೇಳಿದ್ರೆ ಮಾತ್ರ ತಗೊಳ್ಳೋದು ಅಂತ ಕೇಳಿದೆ. ಇವತ್ತೇ ಹೋಗಿ ನಿಮ್ಮ ಹೆಸರು ಹೇಳ್ತೀನಿ."

ನಾನು ಅವನ ಭುಜ ಹಿಡಿದು ಮೂಲೆಗೆ ಕರೆದುಕೊಂಡು ಹೋದೆ.

"ನೋಡಪ್ಪಾ, ಹೋಗು. ಅವರಷ್ಟು ನಂಬಿಕಸ್ಥರು ಇನ್ನೆಲ್ಲೂ ಸಿಗಲ್ಲ. ಆದರೆ ನಿನ್ನ ಕಾರು ರಿಪೇರಿ ಆಗಬೇಕು ಅಂತಿದ್ದರೆ, ದಯವಿಟ್ಟು ಅಲ್ಲಿ ನನ್ನ ಹೆಸರು ಮಾತ್ರ ಎತ್ತಬೇಡ. ನನ್ನ ಹೆಂಡತಿಯ ಹೆಸರು ಹೇಳು."